ಗುಮ್ರೇಯ ಗುರುವಾರಗಳು

ಗುರುವಾರ ಬೆಳಿಗ್ಗೆ ಎಚ್ಚರವಾದಾಗ ಒಕ್ಜುಗೆ ಮೊದಲು ತಿಳಿದದ್ದು ತನ್ನ ಕಾಲುಗಳು ಆಗಲೇ ಮಂಚದಿಂದ ಕೆಳಗಿಳಿದಿವೆ ಎಂಬುದು. ಮಿಕ್ಕ ದಿನಗಳಲ್ಲಿ ಆ ಕಾಲುಗಳನ್ನು ಬೇರೆ ಯಾರದೋ ಕಾಲುಗಳೆಂಬಂತೆ ಬೇಡಿಕೊಳ್ಳಬೇಕಾಗುತ್ತಿತ್ತು. ಬೇಡಿಕೊಂಡು ಬೇಡಿಕೊಂಡು ಸುಸ್ತಾಗಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗುವುದೇ ಆಗುತ್ತಿತ್ತು. ಗುರುವಾರ ಮಾತ್ರ ಹಾಗಲ್ಲ. ಮುಖ ತೊಳೆದು, ಕಿವಿಯ ಮೇಲಿನ ಬಿಳಿಕೂದಲನ್ನು ಬ್ರಷ್ಷಿನಿಂದ ಕಪ್ಪು ಮಾಡಿ, ತುಟಿಗೆ ಬಣ್ಣ ಹಚ್ಚಿ ಅವಳು ಅಡುಗೆಮನೆಗೆ ಬಂದಾಗ ಗಂಡ ಸಾಂಗ್ಪಿಲ್ ಸಿಂಕಿನ ಮುಂದೆ ನಿಂತುಕೊಂಡೇ ಸೂಪಿನಲ್ಲಿ ಅನ್ನ ಅದ್ದಿಕೊಂಡು ಉಣ್ಣುತ್ತಿದ್ದ. ಕೆಲಸಕ್ಕೆ ಹೋಗುವ ಮೊದಲೇ ಅವನ ಬೆನ್ನು ಬಾಗಿತ್ತು. ಬೇರೆಯವರ ಬಚ್ಚಲುಗಳಿಗೆ ಟೈಲ್ಸ್ ಹಾಕಿ ಹಾಕಿ ಅವನು ಎಲ್ಲೇ ನಿಂತರೂ ನೆಲ ನೋಡುತ್ತಿದ್ದ.

"ನೀನು ಡಾಕ್ಟ್ರ ಹತ್ರ ಹೋಗೋದು ಮಂಗಳವಾರ ಅಲ್ವಾ? ಈಗೀಗ ಗುರುವಾರನೂ ಹೊರಡ್ತೀಯಲ್ಲ," ಎಂದ.

"ಇವತ್ತೂ ಹೋಗ್ಬೇಕು."

"ಯಾಕೆ, ಜಾಸ್ತಿಯಾಯ್ತಾ?"

"ಇಲ್ಲ, ಕಮ್ಮಿಯಾಗಿದೆ."

ಅವನು ತಲೆಯೆತ್ತಿ ಅವಳ ತುಟಿಯ ಬಣ್ಣವನ್ನು ನೋಡಿದ. ಬಟ್ಟಲಲ್ಲಿ ಉಳಿದ ಸೂಪನ್ನು ಎತ್ತಿ ಕುಡಿದ ರೀತಿಯಲ್ಲೇ ಅವನಿಗೆ ಖುಷಿಯಾಗಿದೆ ಎಂದು ಗೊತ್ತಾಯಿತು. ಹೋದ ವರ್ಷ ಇದೇ ಮನುಷ್ಯ ಇದೇ ಸಿಂಕಿನ ಮುಂದೆ ನಿಂತು, "ನಮ್ಮ ಅಮ್ಮಂದಿರು ಯುದ್ಧ ಕಂಡೋರು, ಹಸಿವು ಕಂಡೋರು. ಅವ್ರಿಗೆ ಬರ್ಲಿಲ್ಲ ಈ ಕಾಯಿಲೆ. ಇದು ಹೊಟ್ಟೆ ತುಂಬಿದೋರ ಕಾಯಿಲೆ," ಎಂದಿದ್ದ. ಅವನ ಅಮ್ಮನ ವಿಷಯ ಒಕ್ಜುಗೆ ಗೊತ್ತಿರಲಿಲ್ಲ. ತನ್ನ ಅಮ್ಮ ಮಾತ್ರ ಮಧ್ಯಾಹ್ನಗಳಲ್ಲಿ ಮೆಣಸಿನಕಾಯಿ ಒಣಗಿಸಿದ ಅಂಗಳದಲ್ಲಿ ಕೂತು ಮುಷ್ಟಿಯಿಂದ ಎದೆಯನ್ನು ಗುದ್ದಿಕೊಳ್ಳುತ್ತಿದ್ದಳು, ಒಳಗೆ ಕಿಚ್ಚು ಎನ್ನುತ್ತಿದ್ದಳು, ಐಸಿನ ನೀರು ತಾ ಎನ್ನುತ್ತಿದ್ದಳು. ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಹೆಂಗಸಿಗೆ ವಯಸ್ಸಾಗುವುದೆಂದರೆ ಹಾಗೇ ಎಂದುಕೊಂಡಿದ್ದರು.

ಈಸ್ಟ್‌ವುಡ್ ಸ್ಟೇಷನ್ನಿನಲ್ಲಿ, ಈ ದೇಶದ ಚಳಿಗಾಲವಾದ ಜೂನ್ ತಿಂಗಳ ತಣ್ಣನೆ ಗಾಳಿಗೆ ಕೊರಿಯನ್ ಮುದುಕರು ಬಿಸಿಲು ಬಿದ್ದ ಬೆಂಚುಗಳನ್ನೇ ಹುಡುಕಿ ಕೂತಿದ್ದರು. ಒಕ್ಜು ಬಿಸಿಲಿಗಾಗಿ ಹುಡುಕಲಿಲ್ಲ. ಅವಳಿಗೆ ಒಳಗೇ ಬೆಚ್ಚಗಿತ್ತು. ಅಮ್ಮನ ಕಿಚ್ಚು ತನ್ನ ಎದೆಗೂ ಇಳಿದು ಬಂದಿತ್ತು ನಿಜ, ಆದರೆ ಅಮ್ಮನ ಹಾಗೆ ಅದನ್ನು ಗುದ್ದಿ ಗುದ್ದಿ ಆರಿಸಲು ನೋಡುವುದನ್ನು ಅವಳು ಬಿಟ್ಟಿದ್ದಳು. ಈಗ ಅದಕ್ಕೊಂದು ಹೆಸರಿತ್ತು, ಮುಖವಿತ್ತು. ರೈಲು ಬಂತು. ಕಿಟಕಿಯ ಪಕ್ಕ ಕೂತು ಒಕ್ಜು ಆ ಮುಖವನ್ನೇ ನೆನೆಯುತ್ತ ಹೊರಟಳು: ಅಗಲ ಹಣೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕೆನ್ನೆ, ಮಾತಾಡುವ ಮೊದಲು ಒಮ್ಮೆ ಕಣ್ಣು ಮುಚ್ಚಿ ತೆರೆಯುವ ಅಭ್ಯಾಸ. ಹಾನ್ ಗುಮ್ರೇ. ಚರ್ಚಿನ ಸಭೆಯ ಹೆಂಗಸರಿಗೆಲ್ಲ ಹಿರಿಯಳು. ಅವಳ ಪದವಿ ಹಿಡಿದು ಎಲ್ಲರೂ ಗ್ವೊನ್ಸನಿಮ್ ಎಂದು ಕರೆಯುತ್ತಿದ್ದರು. ಒಕ್ಜು ಒಬ್ಬಳೇ ಒನ್ನಿ ಎನ್ನುತ್ತಿದ್ದಳು. ಸ್ವಂತ ಅಕ್ಕನನ್ನೂ ಅವಳು ಅಷ್ಟು ಬಾಯ್ತುಂಬ ಹಾಗೆ ಕರೆದಿರಲಿಲ್ಲ.

ಹೋದ ವರ್ಷ ಒಂದು ದಿನ ಸಭೆಯ ಅಡುಗೆಮನೆಯಲ್ಲಿ ಇಬ್ಬರೇ ಕೂತು ಮೊಳಕೆಕಾಳಿನ ಬಾಲ ಮುರಿಯುತ್ತಿದ್ದಾಗ ಒಕ್ಜು ಬಾಯಿಬಿಟ್ಟಿದ್ದಳು. ಹೇಳಬೇಕೆಂದು ಹೊರಟದ್ದಲ್ಲ. ಬೋಗುಣಿಯ ತುಂಬ ಆ ಬೆಳ್ಳಗಿನ ಮೊಳಕೆಗಳನ್ನು ನೋಡುತ್ತ, ಇಷ್ಟನ್ನೂ ಮುಗಿಸುವುದು ತನ್ನಿಂದ ಆಗದ ಕೆಲಸ ಎನ್ನಿಸಿ ಕೈ ನಿಂತುಬಿಟ್ಟಿತ್ತು. ಬೆಳಿಗ್ಗೆ ಏಳಲಾಗುವುದಿಲ್ಲ, ಮೆಲ್ಬರ್ನಿನಿಂದ ಮಗಳು ಸುಬಿನ್ ಫೋನ್ ಮಾಡಿದರೆ ಎತ್ತಲಾಗುವುದಿಲ್ಲ, ಇಸ್ತ್ರಿ ಅಂಗಡಿಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತುಬಿಡುತ್ತೇನೆ, ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಗಂಡನಿಗೆ ಹೇಳಿಲ್ಲ, ಒಂದೊಂದು ಸಲ ಇದೆಲ್ಲ ನಿಂತರೆ ಸಾಕು ಅನ್ನಿಸುತ್ತದೆ ಒನ್ನಿ ಎಂದಿದ್ದಳು. ಗುಮ್ರೇ ಒದ್ದೆ ಕೈಯಲ್ಲೇ ಅವಳ ಕೈ ಹಿಡಿದಳು. "ಪ್ರಾರ್ಥನೆ ಮಾಡೋಣ," ಎಂದಳು. ಅದು ಎಲ್ಲಿ, ಹೇಗೆ ಎಂದು ಕೇಳಬೇಕೆಂದು ಒಕ್ಜುಗೆ ಹೊಳೆಯಲಿಲ್ಲ.

ಭಾನುವಾರ ಹೊಳೆಯಿತು. ವೇದಿಕೆಯ ಮೇಲೆ ಗುಮ್ರೇ ಕಣ್ಣು ಮುಚ್ಚಿ ತೆರೆದು, ಮತ್ತೆ ಮುಚ್ಚಿ, ಮೈಕಿನೊಳಕ್ಕೆ ಅಳುವ ದನಿಯಲ್ಲಿ ಹೇಳಿದಳು: "ಕರ್ತನೇ, ನಮ್ಮ ಸುಬಿನ್ ಅಮ್ಮ ಹಾಸಿಗೆ ಬಿಟ್ಟು ಏಳ್ತಿಲ್ಲ. ಮನಸ್ಸಿನ ಮಾತ್ರೆ ನುಂಗ್ತಿದಾಳೆ. ಸಾಯ್ಬೇಕು ಅಂತಾಳೆ ಕರ್ತನೇ. ಅವಳ ಅಪನಂಬಿಕೆಯನ್ನ ಕ್ಷಮಿಸು." ಆಮೇಲೆ ಪದ್ಧತಿಯಂತೆ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಕೈಯೆತ್ತಿ ಅವಳಿಗಾಗಿ ಕೂಗತೊಡಗಿದರು. ಆ ಕೂಗು ಜೋರುಮಳೆಯ ಹಾಗೆ ಮೇಲಿನಿಂದ ಬೀಳುತ್ತಿದ್ದರೆ ಒಕ್ಜು ನಡುವೆ ಕೂತು ತನ್ನ ಚಪ್ಪಲಿಯನ್ನು ನೋಡಿದಳು. ಪಕ್ಕದಲ್ಲಿ ಸಾಂಗ್ಪಿಲ್‌ನ ಕುತ್ತಿಗೆ ಕೆಂಪಾಗಿತ್ತು. ಊಟದ ಹೊತ್ತಿಗೆ ಅವಳು ಎಂದಿನಂತೆ ಅಡುಗೆಮನೆಗೆ ಹೋಗಿ ಮೂಲಂಗಿ ಹೆಚ್ಚಲು ಚಾಕು ತೆಗೆದುಕೊಂಡಾಗ ಯಾರೋ ಮೆತ್ತಗೆ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡರು. "ನೀವು ಕೂತ್ಕೊಳ್ಳಿ ಸುಬಿನ್ ಅಮ್ಮ, ನಾವು ಮಾಡ್ತೀವಿ." ಅವರ ದನಿಯಲ್ಲಿ ಪ್ರೀತಿಯೇ ಇತ್ತು. ಒಂದು ಮೂಲಂಗಿಯನ್ನೂ ಹೆಚ್ಚಲು ಕೊಡದ ಪ್ರೀತಿ. ಅವತ್ತಿನಿಂದ ಅವಳು ಬಂದರೆ ಮಾತು ನಿಲ್ಲುತ್ತಿತ್ತು, ಹೋದರೆ ಶುರುವಾಗುತ್ತಿತ್ತು.

ಸ್ಟ್ರಾತ್‌ಫೀಲ್ಡಿನಲ್ಲಿ ರೈಲು ಬದಲಿಸಿದಳು. ಮನಸ್ಸಿನ ಕಾಯಿಲೆಗೆ ಕೊರಿಯನ್ ಮಾತಾಡುವ ಸಲಹೆಗಾರರು ಈಸ್ಟ್‌ವುಡ್ಡಿನಲ್ಲೂ ಇದ್ದರು. ಆದರೆ ಅಲ್ಲಿ ಮೆಟ್ಟಿಲು ಹತ್ತಿದ್ದನ್ನು ಕೆಳಗಿನ ಬೇಕರಿಯವಳು ನೋಡಿದರೆ ಇಳಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುತ್ತಿತ್ತು. ಅದಕ್ಕೆ ಮಂಗಳವಾರಗಳಲ್ಲಿ ದೂರದ ಬ್ಲ್ಯಾಕ್‌ಟೌನಿನ ಗ್ರೇಸ್ ನೋ ಎಂಬ ಸಲಹೆಗಾರ್ತಿಯ ಹತ್ತಿರ ಹೋಗುತ್ತಿದ್ದಳು. ಆ ಹುಡುಗಿ ಇಲ್ಲೇ ಹುಟ್ಟಿದವಳು, ಅಜ್ಜಿಯಿಂದ ಕಲಿತ ಕೊರಿಯನ್ನಿನಲ್ಲಿ ಮಗುವಿನಂತೆ ಮಾತಾಡುತ್ತಿದ್ದಳು. ಎದೆಯಲ್ಲಿ ಏನಾಗುತ್ತದೆ ಎಂದು ಕೇಳಲು ಹೋಗಿ, "ನಿಮ್ಮ ಎದೆ ಒಳಗೆ ಯಾರು ಕೂತಿದಾರೆ?" ಎಂದು ಕೇಳಿದ್ದಳು. ಒಕ್ಜು ನಕ್ಕಿರಲಿಲ್ಲ. ಆ ತಪ್ಪು ಪ್ರಶ್ನೆಗೆ ಅವಳ ಹತ್ತಿರ ಸರಿಯಾದ ಉತ್ತರವಿತ್ತು.

ಬೇಸಿಗೆಯ ಕೊನೆಯಲ್ಲಿ ಗ್ರೇಸ್ ಒಂದು ದಿನ ರಜೆ ಹಾಕಿದ್ದಕ್ಕೆ ಒಕ್ಜುವಿನ ಮಂಗಳವಾರ ಒಂದು ವಾರದ ಮಟ್ಟಿಗೆ ಗುರುವಾರವಾಗಿತ್ತು. ಕಾಯುವ ಕೋಣೆಗೆ ಕಾಲಿಟ್ಟರೆ ಮೀನಿನ ತೊಟ್ಟಿಯ ಹಿಂದೆ, ಕಪ್ಪು ಕನ್ನಡಕ, ಮುಖಕ್ಕೆ ಮಾಸ್ಕು ಹಾಕಿ ಒಬ್ಬಳು ಕೂತಿದ್ದಳು. ಒಕ್ಜುವನ್ನು ಕಂಡದ್ದೇ ಪತ್ರಿಕೆಯೊಂದನ್ನು ಎತ್ತಿ ಹಿಡಿದಳು. ಹಿಡಿದ ಬೆರಳುಗಳನ್ನು ಒಕ್ಜು ಗುರುತು ಹಿಡಿದಳು. ಅವೇ ಬೆರಳುಗಳು ಅವತ್ತು ಒದ್ದೆಯಾಗಿ ತನ್ನ ಕೈಯನ್ನು ಹಿಡಿದಿದ್ದವು. ಅವಳ ಮೈಯಲ್ಲಿ ಎಷ್ಟೋ ತಿಂಗಳಿಂದ ಮಲಗಿದ್ದ ಏನೋ ಒಂದು ಸರಕ್ಕನೆ ಎದ್ದು ಕೂತಿತು. ಎದುರಿನ ಕುರ್ಚಿಯಲ್ಲಿ ಕೂತು, ಇಡೀ ಕೋಣೆಗೆ ಕೇಳುವಂತೆ ಅವಳು ಕೇಳಿದಳು:

"ಗ್ವೊನ್ಸನಿಮ್, ಚೆನ್ನಾಗಿದೀರಾ?"

ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು. "ನಾನು ಪಕ್ಕದ ಹಲ್ಲಿನ ಡಾಕ್ಟ್ರ ಹತ್ರ ಬಂದಿದ್ದೆ," ಎಂದಳು ಗುಮ್ರೇ. "ಗೊತ್ತಾಗ್ದೆ ಈ ಬಾಗಿಲಿಗೆ ಬಂದ್ಬಿಟ್ಟೆ."

"ಹೌದಾ? ಹಲ್ಲು ಬಹಳ ನೋವಾ?"

"ಸ್ವಲ್ಪ."

ಆಗಲೇ ಬಾಗಿಲು ತೆರೆದು ಗ್ರೇಸ್ ಮುಗುಳ್ನಗುತ್ತ ಗುಮ್ರೇಯ ಹೆಸರು ಕರೆದಳು. ಹಲ್ಲುನೋವಿನ ಗುಮ್ರೇ ಎದ್ದು, ಕೈಚೀಲ ಎದೆಗವಚಿಕೊಂಡು ಒಳಗೆ ಹೋದಳು. ಅವತ್ತು ಮನೆಗೆ ಬಂದು ಒಕ್ಜು ಮೀನು ಹುರಿದು, ಎರಡು ಬಟ್ಟಲು ಅನ್ನ ಉಂಡಳು.

ಅವಳು ಯಾರಿಗೂ ಹೇಳಲಿಲ್ಲ. ಹೇಳುವುದು ಗುಮ್ರೇಯ ದಾರಿ; ತನ್ನದು ಬೇರೆ. ತನ್ನ ಸರದಿ ಇಲ್ಲದಿದ್ದರೂ ಪ್ರತಿ ಗುರುವಾರ ಬಂದು ಮೀನಿನ ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ಹಲ್ಲು ಹೇಗಿದೆ ಎಂದಷ್ಟೇ ವಿಚಾರಿಸುತ್ತಿದ್ದಳು. ಭಾನುವಾರ ಸಭೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಇವಳು ತೆರೆದುಕೊಂಡೇ ಇರುತ್ತಿದ್ದಳು, ವೇದಿಕೆಯ ಮೇಲಿನ ಗುಮ್ರೇಯೂ ತೆರೆಯುತ್ತಿದ್ದಳು, ಬಗ್ಗಿದ ತಲೆಗಳ ಮೇಲಿನಿಂದ ಇಬ್ಬರ ಕಣ್ಣುಗಳು ಸೇರುತ್ತಿದ್ದವು. ಗುಮ್ರೇಯ ದನಿ ತೊದಲುತ್ತಿತ್ತು. ಒಂದು ಭಾನುವಾರ "ಯಾರ್ಯಾರು ಗುಟ್ಟಾಗಿ ಕಷ್ಟಪಡ್ತಿದಾರೋ" ಎಂಬಲ್ಲಿಗೆ ಬಂದು ನಿಂತೇಬಿಟ್ಟಳು, ಪಾದ್ರಿಗಳೇ ಮುಂದುವರಿಸಬೇಕಾಯಿತು. ಆಮೇಲೆ ಕಾಣಿಕೆಗಳು ಬರತೊಡಗಿದವು. ದೊಡ್ಡ ದೊಡ್ಡ ಪೇರು ಹಣ್ಣುಗಳ ಪೆಟ್ಟಿಗೆ. ಸೋಯಾ ರಸದಲ್ಲಿ ನೆನೆಸಿದ ಪಕ್ಕೆಲುಬಿನ ಮಾಂಸ. ಸಾಂಗ್ಪಿಲ್ ಮೂಳೆ ಚೀಪುತ್ತ, "ಗ್ವೊನ್ಸನಿಮ್‌ಗೆ ನಿನ್ನ ಕಂಡ್ರೆ ಎಷ್ಟು ಪ್ರೀತಿ ನೋಡು," ಎಂದ. ಒಕ್ಜು ಮುಟ್ಟಲಿಲ್ಲ. ಅವನು ತಿನ್ನುವುದನ್ನು ನೋಡುವುದೇ ಅವಳಿಗೆ ಸಾಕಾಗಿತ್ತು.

ವಿಚಿತ್ರವೆಂದರೆ ಅವಳು ಚೇತರಿಸಿಕೊಳ್ಳುತ್ತಿದ್ದಳು. ಮಗಳ ಫೋನನ್ನು ಎತ್ತಿದಳು. ಇಸ್ತ್ರಿ ಅಂಗಡಿಯಲ್ಲಿ ರೇಡಿಯೊ ಹಾಕಿಕೊಂಡಳು. ಮಂಗಳವಾರ ಗ್ರೇಸ್, "ಮುಖ ಬೆಳಕು ಇದೆ ಅಜ್ಜಿ, ಏನು ಮಾಡಿದಿರಿ?" ಎಂದು ಕೇಳಿದಾಗ, "ನಡೀತೀನಿ," ಎಂದಳು. ಗ್ರೇಸ್ ಅದನ್ನು ಬರೆದುಕೊಂಡಳು. ಹಗೆ ಎಂಬುದನ್ನು ಈ ಮಗು ಯಾವ ಪದದಲ್ಲಿ ಬರೆದುಕೊಂಡೀತು? ಒಂದೊಂದು ಸಲ, ಪಾತ್ರೆ ತೊಳೆಯುವಾಗ, ಮೀನಿನ ತೊಟ್ಟಿಯ ಹಿಂದಿನ ಆ ಮುಖ ತೀರ ಬೇರೆಯಾಗಿ ಕಣ್ಣ ಮುಂದೆ ಬರುತ್ತಿತ್ತು: ಹೊಳಪಿಲ್ಲದ ಕೆನ್ನೆ, ಒಣಗಿ ಸಿಪ್ಪೆಯೆದ್ದ ತುಟಿ. ಒಕ್ಜು ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

ಈ ಗುರುವಾರ ತೊಟ್ಟಿಯ ಹಿಂದಿನ ಕುರ್ಚಿ ಖಾಲಿಯಿತ್ತು. ಒಕ್ಜು ತನ್ನ ಜಾಗದಲ್ಲಿ ಕೂತಳು. ಒಂದು ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿ ಹೋಯಿತು. ಗ್ರೇಸ್ ಬಾಗಿಲು ತೆರೆದು ಆಚೀಚೆ ನೋಡಿ ಮುಚ್ಚಿದಳು. ಎಷ್ಟೋ ಹೊತ್ತಿನ ಮೇಲೆ ಬೇರೆ ಯಾರನ್ನೋ ಕರೆದಳು. ಗೆದ್ದೆ ಎಂದುಕೊಂಡಳು ಒಕ್ಜು. ಓಡಿಸಿಬಿಟ್ಟೆ. ಗೆಲುವು ನಾಲಿಗೆಯ ಮೇಲೆ ಏನಾದರೂ ರುಚಿ ಬಿಡುತ್ತದೆಯೇ ಎಂದು ಕಾದಳು. ಹಿಂದಿರುಗುವ ರೈಲಿನಲ್ಲಿ ಅವಳಿಗೆ ಇಳಿಯುವುದು ಕಷ್ಟವಾಯಿತು. ಈಸ್ಟ್‌ವುಡ್ ಬಂತು, ಬಾಗಿಲು ತೆರೆಯಿತು, ಕಾಲುಗಳು ಏಳಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡು ಬಂದಳು. ಭಾನುವಾರ ವೇದಿಕೆಯ ಮೇಲೆ ಬೇರೆ ಯಾರೋ ಇದ್ದರು. "ಗ್ವೊನ್ಸನಿಮ್‌ಗೆ ಜ್ವರ ಅಂತೆ," ಎಂದರು. ಎಲ್ಲರೂ ಕಣ್ಣು ಮುಚ್ಚಿದಾಗ ಒಕ್ಜುವೂ ಮುಚ್ಚಿದಳು. ಸೋಮವಾರ ಏಳಲಿಲ್ಲ. ಮಂಗಳವಾರ ಗ್ರೇಸ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದಳು. ಗೋಡೆ ಹಳೆಯ ಗೋಡೆಯೇ, ಬಣ್ಣ ಎದ್ದ ಜಾಗ ಅಲ್ಲೇ ಇತ್ತು. ಅದನ್ನು ನೋಡುತ್ತ ಮಲಗಿದ್ದವಳಿಗೆ, ಗುಮ್ರೇಯೂ ಎಲ್ಲೋ ಹೀಗೇ ಗೋಡೆ ನೋಡುತ್ತ ಮಲಗಿದ್ದಾಳೆ ಎನ್ನಿಸಿತು. ಕರುಣೆ ಬರಲಿಲ್ಲ. ಬಂದದ್ದು ಸಿಟ್ಟು. ನನ್ನನ್ನು ಎಲ್ಲರ ಮುಂದೆ ಬೆತ್ತಲೆ ನಿಲ್ಲಿಸಿದವಳು ಇಷ್ಟು ಸುಲಭವಾಗಿ ಮುಸುಕು ಹೊದ್ದು ಮಲಗಿಬಿಡುವುದೇ?

ಮುಂದಿನ ಗುರುವಾರ ಮಳೆ. ಸಾಂಗ್ಪಿಲ್‌ನ ಕೆಲಸ ನಿಂತಿತ್ತು. ಒಕ್ಜು ಎದ್ದು, ತಲೆಯನ್ನೂ ಬಾಚದೆ, ಅವನ ವ್ಯಾನಿನ ಕೀಲಿ ತೆಗೆದುಕೊಂಡಳು. "ಎಲ್ಲಿಗೆ?" ಎಂದ. "ಗ್ವೊನ್ಸನಿಮ್‌ನ ನೋಡಿ ಬರ್ತೀನಿ." ಅವನು, "ಅಕ್ಕಿಗಂಜಿ ತಗೊಂಡ್ಹೋಗು," ಎಂದ. ಅವಳು ಏನೂ ತೆಗೆದುಕೊಂಡು ಹೋಗಲಿಲ್ಲ.

ಬಾಗಿಲು ತೆರೆದದ್ದು ಗುಮ್ರೇಯ ಗಂಡ, ಸಭೆಯ ಹಿರಿಯರು, ಮನೆಯೊಳಗೂ ಗಾಲ್ಫ್ ಟೋಪಿ ಹಾಕುವ ಮನುಷ್ಯ. "ಬನ್ನಿ ಸುಬಿನ್ ಅಮ್ಮ. ಅವಳಿಗೆ ಮೈಕೈ ನೋವು. ಎದ್ದೇ ಇಲ್ಲ," ಎಂದವರು ದನಿ ತಗ್ಗಿಸಿದರು. "ಗುರುವಾರ ಗುರುವಾರ ಬ್ಲ್ಯಾಕ್‌ಟೌನಿಗೆ ಬೈಬಲ್ ಪಾಠಕ್ಕೆ ಹೋಗ್ತಿದ್ಲಲ್ಲ, ಅದನ್ನೂ ಬಿಟ್ಲು. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ."

"ಹೇಳ್ತೀನಿ," ಎಂದಳು ಒಕ್ಜು.

ಕೋಣೆಯಲ್ಲಿ ಪರದೆ ಎಳೆದಿತ್ತು. ತೊಳೆಯದ ಕೂದಲಿನ, ಮುಚ್ಚಿದ ಕಿಟಕಿಯ ವಾಸನೆ. ಆ ವಾಸನೆ ಒಕ್ಜುಗೆ ತನ್ನ ದಿಂಬಿನಷ್ಟೇ ಪರಿಚಯ. ಗುಮ್ರೇ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬಣ್ಣ ಕಾಣದ ಬೈತಲೆಯಲ್ಲಿ ಅಗಲವಾಗಿ ಬಿಳಿ ಬಂದಿತ್ತು. ಒಕ್ಜುವಿನೊಳಗೆ ಮೊದಲು ಎದ್ದದ್ದು ಸಂತೋಷವೇ. ಅದು ಶುದ್ಧವಾದ, ಯಾರಿಗೂ ಹೇಳಲಾಗದ ಸಂತೋಷ; ಅದರ ಬೆನ್ನಿಗೇ ಅವಳು ಮಂಚದ ಅಂಚನ್ನು ಹಿಡಿದುಕೊಂಡಳು.

"ನೋಡೋಕೆ ಬಂದ್ಯಾ?" ಎಂದಳು ಗುಮ್ರೇ, ತಿರುಗದೆ.

"ಹೌದು."

"ನೋಡಿದ್ಯಲ್ಲ. ಹೋಗಿ ಎಲ್ರಿಗೂ ಹೇಳು. ಭಾನುವಾರ ಮೈಕಲ್ಲೇ ಹೇಳು. ಮುಗೀಲಿ."

"ಹೇಳಲ್ಲ."

"ಯಾಕೆ?"

"ಹೇಳಿದ್ರೆ ಮುಗ್ದುಹೋಗುತ್ತಲ್ಲ."

ಗುಮ್ರೇ ಈಚೆ ತಿರುಗಿದಳು. "ನನಗೇನೂ ಆಗಿಲ್ಲ, ಗೊತ್ತಾ?" ಎಂದಳು. "ಗಂಡ ಒಳ್ಳೇವ್ರು. ಮಕ್ಕಳು ಚೆನ್ನಾಗಿದಾರೆ. ಏನೂ ಆಗಿಲ್ಲ. ಏನಾದ್ರೂ ಆಗಿದ್ರೆ ಹೇಳ್ಕೋಬೋದಿತ್ತು. ಆ ಹುಡುಗಿ ಮುಂದೆ ಕೂತು ಏನಂತ ಹೇಳ್ಲಿ? ಬೆಳಿಗ್ಗೆ ಆಗುತ್ತೆ ಅಂತ ಭಯ ಅನ್ಲಾ? ನಿನಗೆ ಮೊಳಕೆಕಾಳು ಮುರಿಯೋಕಾಗ್ಲಿಲ್ಲ ಅಂದ್ಯಲ್ಲ ಅವತ್ತು, ನನಗೆ ಎರಡು ವರ್ಷದಿಂದ ಹಾಗೇ ಇತ್ತು."

"ಗೊತ್ತಿದ್ದೂ ನನ್ನ ಹೆಸ್ರು ಹೇಳಿದ್ರಿ."

"ನಿನ್ನ ಹೆಸ್ರಲ್ಲಿ ನನಗೋಸ್ಕರ ಪ್ರಾರ್ಥನೆ ಮಾಡ್ದೆ," ಎಂದಳು ಗುಮ್ರೇ. "ಎಲ್ಲಾರೂ ಕೂಗ್ತಿದ್ರಲ್ಲ, ಅದು ನನಗೇ ಅಂದ್ಕೊಂಡು ನಿಂತಿದ್ದೆ. ಅವತ್ತೊಂದಿನ ಚೆನ್ನಾಗಿ ನಿದ್ದೆ ಬಂತು."

ಒಕ್ಜುಗೆ ಅವಳನ್ನು ಹೊಡೆಯಬೇಕೆನ್ನಿಸಿತು. ಕೈ ಮೇಲೆ ಬಂದಿತ್ತು ಕೂಡ. ತನ್ನ ನಾಚಿಕೆ, ಗಂಡನ ಕೆಂಪಾದ ಕುತ್ತಿಗೆ, ನಿಂತುಹೋಗುವ ಮಾತುಗಳು, ಎಲ್ಲವೂ ಇವಳಿಗೆ ಒಂದು ದಿನದ ನಿದ್ದೆಯಾಯಿತು. ಕಳ್ಳಿ ಎಂದುಕೊಂಡಳು. ನನ್ನ ದುಃಖವನ್ನೂ ಕದ್ದು ಹೊದ್ದುಕೊಂಡವಳು. ಗುಮ್ರೇ ಆ ಎತ್ತಿದ ಕೈಯನ್ನು ನೋಡಿ, ಹೊಡೆಯಲಿ ಎಂಬಂತೆ ಮುಖ ಕೊಟ್ಟಳು. ಹೊಡೆದರೆ ಅವಳಿಗೆ ಹಗುರವಾಗುತ್ತದೆ. ಕೈ ಕೆಳಗಿಳಿಯಿತು.

"ಮಾತ್ರೆ ತಗೋತಿದೀರಾ?"

ಗುಮ್ರೇ ಮತ್ತೆ ಗೋಡೆಯ ಕಡೆ ತಿರುಗಿದಳು. ಒಕ್ಜು ಕೇಳುತ್ತ ನಿಲ್ಲಲಿಲ್ಲ. ಹೀಗೆ ತಾನೂ ಮಲಗಿ ಕಂಡವಳಿಗೆ ಇಂಥವು ಎಲ್ಲಿರುತ್ತವೆಂದು ಗೊತ್ತು. ಮಂಚದ ಪಕ್ಕದ ಡ್ರಾಯರಿನಲ್ಲಿ ಕಾಲುಚೀಲಗಳ ಅಡಿಯಲ್ಲಿ ರೇಷ್ಮೆ ಚೀಲವೊಂದು ಗಟ್ಟಿಯಾಗಿ ಕೈಗೆ ಸಿಕ್ಕಿತು. ತೆರೆದು ನೋಡಿದಳು. ನುಂಗದೆ ಕೂಡಿಟ್ಟ ಮಾತ್ರೆಗಳು. ಮೀನಿನ ತೊಟ್ಟಿಯ ಎದುರು ತಾನು ಕೂತ ಒಂದೊಂದು ಗುರುವಾರವೂ ಆ ಚೀಲದೊಳಗೆ ಬಿದ್ದು ಸೇರಿಕೊಂಡಿದೆ ಎಂದು ಅವಳಿಗೆ ಅರ್ಥವಾಯಿತು. ಚೀಲವನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಅದನ್ನ ಇಡು ಅಲ್ಲೇ," ಎಂದು ಗುಮ್ರೇ ಎದ್ದು ಕೂತಳು.

"ಇಡಲ್ಲ. ಇಷ್ಟು ಸುಲಭಕ್ಕೆ ತಪ್ಪಿಸ್ಕೊಂಡು ಹೋಗ್ತೀರಾ? ನಾನು ಬಿಟ್ಟಿಲ್ಲ ಇನ್ನೂ ನಿಮ್ಮನ್ನ. ಏಳಿ. ಇವತ್ತು ಗುರುವಾರ."

ಬಚ್ಚಲಿಗೆ ಎಳೆದುಕೊಂಡೇ ಹೋದಳು. ಬೇಸಿನ್ನಿಗೆ ತಲೆ ಬಗ್ಗಿಸಿ ಬಿಸಿನೀರು ಬಿಟ್ಟು ಸೋಪು ಹಚ್ಚಿ, ಉಗುರು ತಾಗುವಂತೆ ಗಸಗಸ ತಿಕ್ಕಿದಳು. ಆ ತಲೆ ತನ್ನ ಎರಡೂ ಕೈಗಳ ನಡುವೆ ಮಗುವಿನ ತಲೆಯಷ್ಟೇ ಚಿಕ್ಕದಾಗಿತ್ತು. "ಉರೀತಿದೆ," ಎಂದಳು ಗುಮ್ರೇ. "ಉರೀಲಿ," ಎಂದು ಇನ್ನಷ್ಟು ತಿಕ್ಕಿದಳು. ನೊರೆಯೊಡನೆ ಉದುರಿದ ಕೂದಲು ನೀರಿನ ಕಂಡಿಯಲ್ಲಿ ಸುತ್ತಿಕೊಂಡಿತು. ಹಿರಿಯರು ಹೊರಗಿನಿಂದ, "ಏನ್ ನಡೀತಿದೆ?" ಎಂದು ಕೇಳಿದರು. "ಬೈಬಲ್ ಪಾಠಕ್ಕೆ ಹೊರಡ್ತಿದೀವಿ," ಎಂದಳು ಒಕ್ಜು. ಬಗ್ಗಿದ ತಲೆಯೊಳಗಿಂದ ಒಂದು ವಿಚಿತ್ರ ಸದ್ದು ಬಂತು. ನಗುವೋ ಅಳುವೋ ಅವಳು ವಿಚಾರಿಸಲು ಹೋಗಲಿಲ್ಲ.

ವ್ಯಾನಿನ ಸೀಟಿನ ಮೇಲೆಲ್ಲ ಸಿಮೆಂಟಿನ ಹುಡಿ. ಸಭೆಯ ಹಿರಿಯಳು, ಒದ್ದೆ ಕೂದಲಿನಲ್ಲಿ, ಉಣ್ಣೆಯ ಒಳ್ಳೆಯ ಕೋಟು ಹಾಕಿಕೊಂಡು ಅದರ ಮೇಲೆ ಕೂತಳು. ಮಳೆ ಗಾಜಿಗೆ ಬಡಿಯುತ್ತಿತ್ತು. ಹಿಂದುಗಡೆ ಟೈಲ್ಸ್ ತುಂಡುಗಳು ತಿರುವಿಗೊಮ್ಮೆ ಜಾರಿ ಖಣಖಣ ಎನ್ನುತ್ತಿದ್ದವು. ಹೆದ್ದಾರಿಗೆ ಬಂದ ಮೇಲೆ ಗುಮ್ರೇ ಕೇಳಿದಳು:

"ನನ್ನ ಕ್ಷಮಿಸಿದ್ಯಾ, ಸುಬಿನ್ ಅಮ್ಮ?"

"ಇಲ್ಲ."

"ಮತ್ತೆ ಯಾಕೆ ಕರ್ಕೊಂಡು ಹೋಗ್ತಿದೀಯ?"

ಒಕ್ಜು ಉತ್ತರ ಹುಡುಕಿದಳು. ಹೇಳಬಹುದಾದವೆಲ್ಲ ಸುಳ್ಳು ಅನ್ನಿಸಿದವು. "ನೀವು ಮಲಗಿದ್ರೆ ನಾನೂ ಏಳಲ್ಲ," ಎಂದಳು ಕೊನೆಗೆ. ಹೇಳಿದ ಮೇಲೆ ಇದನ್ನೂ ಇವಳಿಗೆ ಕೊಟ್ಟುಬಿಟ್ಟೆನಲ್ಲ ಎಂದು ಮತ್ತೆ ಸಿಟ್ಟು ಬಂತು, ಗೇರು ಬದಲಿಸುವ ಕೈ ಒರಟಾಯಿತು.

ಗ್ರೇಸ್ ಬಾಗಿಲು ತೆರೆದಾಗ ಇಬ್ಬರನ್ನೂ ಒಟ್ಟಿಗೆ ಕಂಡು ಅವಳ ಹುಬ್ಬು ಮೇಲೇರಿತು. ಒಕ್ಜು ನೇರವಾಗಿ ಹೋಗಿ ರೇಷ್ಮೆ ಚೀಲವನ್ನು ಅವಳ ಅಂಗೈಯಲ್ಲಿ ಇಟ್ಟಳು. "ಇದು ಇವ್ರದ್ದು. ನುಂಗ್ದೆ ಕೂಡಿಟ್ಟಿದ್ರು. ಮನೇಲಿ ಯಾರಿಗೂ ಗೊತ್ತಿಲ್ಲ." ಗ್ರೇಸ್ ಒಮ್ಮೆ ಚೀಲವನ್ನು, ಒಮ್ಮೆ ಗುಮ್ರೇಯನ್ನು ನೋಡಿದಳು, ಆ ಮಗುವಿನಂಥ ಮುಖ ಕ್ಷಣದಲ್ಲಿ ದೊಡ್ಡದಾಯಿತು. "ಒಳಗೆ ಬನ್ನಿ," ಎಂದಳು ಮೆತ್ತಗೆ. ಗುಮ್ರೇ ಒಕ್ಜುವಿನ ಕಡೆ ತಿರುಗಿದಳು. ಎಲ್ಲರ ಮುಂದೆ ಬಯಲಾದವಳ ಕಣ್ಣು ಹೇಗಿರುತ್ತದೆಂದು ಒಕ್ಜು ಅದುವರೆಗೆ ಹೊರಗಿನಿಂದ ನೋಡಿರಲಿಲ್ಲ. ಅದರಲ್ಲಿ ಹಗೆಯಿತ್ತು, ಕೆಂಡದ ಹಾಗೆ ಹೊಳೆಯುವ ಹಗೆ. ಒಕ್ಜುಗೆ ಸಮಾಧಾನವಾಯಿತು. ಇಷ್ಟು ಹಗೆ ಇರುವವಳು ಇವತ್ತಿಗೆ ಸಾಯುವುದಿಲ್ಲ.

ಬಾಗಿಲು ಮುಚ್ಚಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಗ್ರೇಸ್‌ಳ ತಪ್ಪುತಪ್ಪು ಮಾತಿನ ದನಿ, ಒಂದು ಪ್ರಶ್ನೆ. ಅದರ ನಂತರ ಅಳು ಬಂತು. ಮೈಕಿನಲ್ಲಿ ಕೇಳಿದ್ದ ಅಳುವಲ್ಲ; ಹೊಟ್ಟೆಯಿಂದ ಕಿತ್ತು ಬರುವ, ಅಂಕೆಯಿಲ್ಲದ, ಕೇಳಿದವರು ಕಿವಿ ಮುಚ್ಚಿಕೊಳ್ಳಬೇಕಾದಂಥ ಅಳು. ಕಾಯುವ ಕೋಣೆಯಲ್ಲಿದ್ದ ಇನ್ನಿಬ್ಬರು ಸಂಕೋಚದಿಂದ ಹೊರಗೆದ್ದು ಹೋದರು. ಒಕ್ಜು ಕುರ್ಚಿಯನ್ನು ಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡಳು. ಎಷ್ಟೋ ದಿನಗಳಿಂದ ತಾನು ಕೇಳಬೇಕೆಂದು ಕಾದದ್ದು ಇದನ್ನೇ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಅದನ್ನು ಕೊನೆಯವರೆಗೂ ಕೇಳಿದಳು, ಎದ್ದು ಹೋಗಲಿಲ್ಲ.